ಆದಾಯವೂ ಪ್ರತಿಫಲವೂ ಏರಿಳಿಯುವಾಗ: ಕುಟುಂಬದ ಉಳಿತಾಯ ಮಾದರಿಯ ದೋಷ ನಿವಾರಣೆ

ಮಳೆಯಾಶ್ರಿತ ಕುಟುಂಬವೊಂದು ವರ್ಷಕ್ಕೆ ಎಷ್ಟು ಉಣ್ಣುತ್ತದೆ, ಎಷ್ಟು ಉಳಿಸುತ್ತದೆ ಎಂಬುದನ್ನು ಗಣಕದಲ್ಲಿ ಮಾದರಿಯಾಗಿ ಕಟ್ಟುವವರಿಗೆ ಎದುರಾಗುವ ದೋಷಗಳನ್ನು ಪತ್ತೆಹಚ್ಚುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಉದಾಹರಣೆಗಳೆಲ್ಲ ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಕೃಷಿ ಕುಟುಂಬಗಳನ್ನು ಮನಸ್ಸಿನಲ್ಲಿಟ್ಟುಕೊಂಡವು. ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಒಣಬೇಸಾಯದಲ್ಲಿ ಆದಾಯದ ಏರಿಳಿತವೇ ಬದುಕಿನ ಮುಖ್ಯ ಸಂಗತಿಯಾಗಿರುವುದರಿಂದ ಈ ಮಾದರಿಗೆ ಅಲ್ಲಿ ನಿಜವಾದ ಕೆಲಸವಿದೆ. ಈ ವಿಷಯದಲ್ಲಿ ಪ್ರಬಂಧ ಬರೆಯುವ ಸ್ನಾತಕೋತ್ತರ ವಿದ್ಯಾರ್ಥಿಗಳ ಕೋಡ್ ನೋಡುತ್ತ ಬಂದಂತೆ ನನಗೆ ದೃಢವಾದ ಅಭಿಪ್ರಾಯ ಒಂದೇ: ಲೆಕ್ಕ ನಿಲ್ಲದಿದ್ದಾಗ, ಅಂದರೆ ಎಷ್ಟು ಸುತ್ತು ಓಡಿಸಿದರೂ ಒಂದೇ ಉತ್ತರಕ್ಕೆ ನೆಲೆಗೊಳ್ಳದಿದ್ದಾಗ, ಎಲ್ಲರೂ ಕ್ರಮವಿಧಿಯನ್ನು (ಅಲ್ಗಾರಿದಮ್ಮನ್ನು) ದೂರುತ್ತಾರೆ, ಆದರೆ ದೋಷ ಹೆಚ್ಚಾಗಿ ಇರುವುದು ಅರ್ಥಶಾಸ್ತ್ರದಲ್ಲಿ, ಅಂದರೆ ಏಕಮಾನ, ಕಾಲಕ್ರಮ ಮತ್ತು ಆದಾಯ–ಪ್ರತಿಫಲಗಳ ನಂಟಿನಲ್ಲಿ.

ಮಾದರಿಯ ರೂಪ ಸರಳವಾದದ್ದು. ಲೆಕ್ಕದ ಅವಧಿ ಒಂದು ಕೃಷಿ ವರ್ಷ. ಅವಧಿಯ ಆರಂಭದಲ್ಲಿ ಕೈಯಲ್ಲಿರುವ ಒಟ್ಟು ಸಂಪತ್ತಿನಲ್ಲಿ ಒಂದು ಭಾಗ ಅನುಭೋಗಕ್ಕೆ (ಉಣ್ಣುವ, ಉಡುವ ಖರ್ಚಿಗೆ) ಹೋಗುತ್ತದೆ, ಮಿಕ್ಕದ್ದು ಉಳಿತಾಯವಾಗುತ್ತದೆ; ಆ ಉಳಿತಾಯವನ್ನು ಮುಂದಿನ ವರ್ಷದ ಪ್ರತಿಫಲ ಗುಣಕದಿಂದ (ಶೇಕಡ 2ರ ಪ್ರತಿಫಲವಾದರೆ 1.02) ಗುಣಿಸಿ, ಅದಕ್ಕೆ ಮುಂದಿನ ವರ್ಷದ ಆದಾಯವನ್ನು ಕೂಡಿಸಿದರೆ ಮುಂದಿನ ಅವಧಿಯ ಆರಂಭದ ಸಂಪತ್ತು ಸಿಗುತ್ತದೆ. ಸಾಲಕ್ಕೆ ಅವಕಾಶ ಇಟ್ಟಿಲ್ಲ, ಆದ್ದರಿಂದ ಅನುಭೋಗ ಸಂಪತ್ತನ್ನು ಮೀರುವಂತಿಲ್ಲ. ನಿರ್ಧಾರವನ್ನು ಆಳುವುದು ಆಯ್ಲರ್ ನಿಯಮ: ಇಂದಿನ ಅನುಭೋಗದ ಸೀಮಾಂತ ತುಷ್ಟಿಗುಣವು (ಇನ್ನೊಂದು ರೂಪಾಯಿ ಖರ್ಚಿನಿಂದ ಸಿಗುವ ಹೆಚ್ಚಿನ ತೃಪ್ತಿ), ಬೀಟಾ ಎಂಬ ಕಾಲ ಕಡಿತದ ಗುಣಕ (ನಾಳಿನ ತೃಪ್ತಿಗೆ ಇಂದು ಕೊಡುವ ತೂಕ), ನಾಳಿನ ಪ್ರತಿಫಲ ಮತ್ತು ನಾಳಿನ ಸೀಮಾಂತ ತುಷ್ಟಿಗುಣ ಈ ಮೂರರ ಗುಣಲಬ್ಧದ ನಿರೀಕ್ಷಿತ ಮೌಲ್ಯಕ್ಕೆ ಸಮನಾಗಿರಬೇಕು; ಇದ್ದುದೆಲ್ಲವನ್ನೂ ಖರ್ಚು ಮಾಡಿದ ಮೇಲೂ ಇಂದಿನ ಸೀಮಾಂತ ತುಷ್ಟಿಗುಣವೇ ಹೆಚ್ಚಾಗಿದ್ದರೆ ಉಳಿತಾಯ ಸೊನ್ನೆ. ಸಾಲ ಸಿಗದ ಕುಟುಂಬದ ಉಳಿತಾಯವನ್ನು ಅರ್ಥಶಾಸ್ತ್ರಜ್ಞ ಆಂಗಸ್ ಡೀಟನ್ 1991ರಲ್ಲಿ ಈ ಬಗೆಯಲ್ಲಿ ವಿವರಿಸಿದರು. ಸಂಪತ್ತಿನ ಗ್ರಿಡ್ (ಲೆಕ್ಕಕ್ಕೆ ಆರಿಸಿದ ಬಿಂದುಗಳ ಸಾಲು) ಬದಲು ಉಳಿತಾಯದ ಗ್ರಿಡ್ ಹಾಕಿ, ಸಂಪತ್ತನ್ನು ಲೆಕ್ಕದಿಂದಲೇ ಪಡೆಯುವ ವಿಧಾನವನ್ನು ಕ್ರಿಸ್ಟೋಫರ್ ಕ್ಯಾರಲ್ 2006ರಲ್ಲಿ ಕೊಟ್ಟರು. ಪ್ರತಿ ಬಿಂದುವಿನಲ್ಲೂ ಸಮೀಕರಣ ಬಿಡಿಸುವ ಕೆಲಸ ಅದರಿಂದ ತಪ್ಪುತ್ತದೆ. ಮುಂದೆ ಬರುವುದೆಲ್ಲ ಆ ವಿಧಾನದ ಕೋಡ್ ನಿಮ್ಮ ಬಳಿ ಇದೆ ಎಂದುಕೊಂಡು ಬರೆದದ್ದು.

ಮೊದಲ ಪರೀಕ್ಷೆ: ಉತ್ತರ ಗೊತ್ತಿರುವ ಲೆಕ್ಕ

ಲಕ್ಷಣ ಯಾವುದೇ ಇರಲಿ, ಮೊದಲು ಆದಾಯವನ್ನು ಸೊನ್ನೆ ಮಾಡಿ ಕೋಡ್ ಓಡಿಸಬೇಕು. ಆದಾಯವಿಲ್ಲದೆ ಕೇವಲ ಇದ್ದ ಸಂಪತ್ತನ್ನು ಕರಗಿಸುವ ಕುಟುಂಬದ ಅನುಭೋಗ ಸಂಪತ್ತಿನ ನಿಶ್ಚಿತ ಪಾಲಾಗಿರುತ್ತದೆ. ಅಪಾಯ ವಿಮುಖತೆಯ ಗುಣಾಂಕ 2 ಇದ್ದಾಗ, ಅಂದರೆ ಸೀಮಾಂತ ತುಷ್ಟಿಗುಣವು ಅನುಭೋಗದ ವರ್ಗದ ವಿಲೋಮವಾಗಿದ್ದಾಗ, ಆ ಪಾಲನ್ನು ಕಂಡುಕೊಳ್ಳಲು, ಪ್ರತಿಫಲದ ವಿಲೋಮದ ಸರಾಸರಿಯನ್ನು ಬೀಟಾದಿಂದ ಗುಣಿಸಿ, ವರ್ಗಮೂಲ ತೆಗೆದು, 1ರಿಂದ ಕಳೆಯಬೇಕು. ಬೀಟಾ 0.96, ಪ್ರತಿಫಲ ಸ್ಥಿರವಾಗಿ 1.02 ಎಂದಾದರೆ 0.96ನ್ನು 1.02ರಿಂದ ಭಾಗಿಸಿದಾಗ 0.9412, ಅದರ ವರ್ಗಮೂಲ 0.9701, ಪಾಲು 0.0299. ಕೋಡ್ ಕೊಡುವ ಅನುಭೋಗದ ಗೆರೆಯ ಇಳಿಜಾರು ಗ್ರಿಡ್‌ನ ಉದ್ದಕ್ಕೂ ಇಷ್ಟೇ ಇರಬೇಕು. ಉಳಿತಾಯ ಸೊನ್ನೆಯಾದ ಬಿಂದುವಿನಲ್ಲಿ ಈ ಲೆಕ್ಕ ಸೊನ್ನೆಯಿಂದ ಭಾಗಿಸಲು ಹೋಗುತ್ತದೆಯಾದ್ದರಿಂದ ಗ್ರಿಡ್ಡನ್ನು ಬಹಳ ಸಣ್ಣ ಧನ ಸಂಖ್ಯೆಯಿಂದ ಆರಂಭಿಸಿ, ಸೊನ್ನೆಗೆ ಸೊನ್ನೆ (ಸಂಪತ್ತು ಸೊನ್ನೆಯಾದರೆ ಅನುಭೋಗವೂ ಸೊನ್ನೆ) ಎಂಬ ಜೋಡಿಯನ್ನು ಕೈಯಿಂದಲೇ ಸೇರಿಸುವುದು ಒಳ್ಳೆಯದು.

ಈ ಪರೀಕ್ಷೆಯಲ್ಲಿ ಗೆರೆಯ ಮೇಲ್ತುದಿ ಮಾತ್ರ ಬಾಗಿದ್ದರೆ ದೋಷ ಗ್ರಿಡ್‌ನ ಆಚೆಗಿನ ಲೆಕ್ಕದಲ್ಲಿದೆ. ಇಳಿಜಾರು ಎಲ್ಲೆಡೆ ಸಮವಾಗಿದ್ದೂ ಬೆಲೆ ಬೇರೆ ಇದ್ದರೆ ನಿರೀಕ್ಷಿತ ಮೌಲ್ಯದಲ್ಲಿ ಪ್ರತಿಫಲದಿಂದ ಗುಣಿಸುವುದು ಬಿಟ್ಟುಹೋಗಿದೆ, ಅಥವಾ ಸೀಮಾಂತ ತುಷ್ಟಿಗುಣದ ವಿಲೋಮ ತಪ್ಪಿದೆ. ಈ ಪರೀಕ್ಷೆ ಪಾಸಾಗದ ಕೋಡಿಗೆ ಮಳೆಯ ದತ್ತಾಂಶ ತುಂಬಿ ಪ್ರಯೋಜನವಿಲ್ಲ.

ಲಕ್ಷಣ: ಲೆಕ್ಕ ನಿಲ್ಲುವುದೇ ಇಲ್ಲ

ಎಷ್ಟು ಸಂಪತ್ತಿಗೆ ಎಷ್ಟು ಖರ್ಚು ಎಂಬ ಅನುಭೋಗ ನಿಯಮವನ್ನು ಕೋಡ್ ಒಂದು ಊಹೆಯಿಂದ ಆರಂಭಿಸಿ ಸುತ್ತು ಸುತ್ತಿಗೂ ತಿದ್ದುತ್ತದೆ. ಪ್ರತಿ ಸುತ್ತಿನಲ್ಲೂ ಹಳೆಯ ಮತ್ತು ಹೊಸ ನಿಯಮಗಳ ನಡುವಿನ ಅಂತರ ಕುಗ್ಗಬೇಕು. ಅದು ಸ್ವಲ್ಪ ಕುಗ್ಗಿ ನಿಂತುಬಿಡುತ್ತದೆ, ಅಥವಾ ಅನುಭೋಗ ಎಲ್ಲ ಬಿಂದುಗಳಲ್ಲೂ ಸುತ್ತು ಸುತ್ತಿಗೂ ಇಳಿಯುತ್ತ ಸೊನ್ನೆಯ ಕಡೆ ಸಾಗುತ್ತದೆ. ಇಂಥ ಹೊತ್ತಿನಲ್ಲಿ ಸುತ್ತುಗಳ ಮಿತಿಯನ್ನು ಹತ್ತು ಪಟ್ಟು ಹೆಚ್ಚಿಸುವುದು, ಇಲ್ಲವೇ ಅಂತರದ ಮಿತಿಯನ್ನು ಸಡಿಲಿಸುವುದು ರೂಢಿ. ಎರಡನ್ನೂ ಮಾಡಬಾರದು. ಅನುಭೋಗ ಸೊನ್ನೆಯ ಕಡೆ ಹೋಗುತ್ತಿದೆ ಎಂದರೆ, ನೀವು ಬರೆದ ಕುಟುಂಬಕ್ಕೆ ಇಂದು ಉಣ್ಣುವುದಕ್ಕಿಂತ ಎಂದೆಂದಿಗೂ ಮುಂದೂಡುವುದೇ ಲಾಭವಾಗಿದೆ ಎಂದು ಅರ್ಥ. ಆ ಸಮಸ್ಯೆಗೆ ಪರಿಹಾರವೇ ಇಲ್ಲದಿರುವಾಗ ಕೋಡ್ ಅದನ್ನು ಎಲ್ಲಿಂದ ತಂದೀತು?

ಪ್ರತಿಫಲ ಸ್ಥಿರವಾಗಿದ್ದರೆ ಬೀಟಾ ಮತ್ತು ಪ್ರತಿಫಲದ ಗುಣಲಬ್ಧ 1ಕ್ಕಿಂತ ಕಡಿಮೆ ಇರಬೇಕು ಎಂಬುದು ಹಳೆಯ ಷರತ್ತು. ಇದನ್ನು ಮುರಿಯುವ ಅತಿ ಸಾಮಾನ್ಯ ಕಾರಣ ಹಣದುಬ್ಬರ. ಆದಾಯವನ್ನು ಸ್ಥಿರ ಬೆಲೆಗಳಲ್ಲಿ ಹಾಕಿ, ನಿಶ್ಚಿತ ಠೇವಣಿಯ ಬಡ್ಡಿಯನ್ನು ಮಾತ್ರ ಬ್ಯಾಂಕಿನ ಫಲಕದಲ್ಲಿರುವಂತೆ ಶೇಕಡ 7 ಎಂದು ಹಾಕಿದರೆ 0.96 ಮತ್ತು 1.07ರ ಗುಣಲಬ್ಧ 1.027 ಆಗುತ್ತದೆ, ಲೆಕ್ಕ ನಿಲ್ಲುವ ಖಾತರಿ ಉಳಿಯುವುದಿಲ್ಲ. ಬೆಲೆ ಏರಿಕೆ ಶೇಕಡ 5 ಎಂದಾದರೆ ನಿಜ ಪ್ರತಿಫಲ 1.07ನ್ನು 1.05ರಿಂದ ಭಾಗಿಸಿದಷ್ಟು, ಅಂದರೆ 1.019, ಗುಣಲಬ್ಧ 0.978ಕ್ಕೆ ಇಳಿದು ಎಲ್ಲವೂ ಸರಿಹೋಗುತ್ತದೆ. ಎರಡನೆಯ ಕಾರಣ ತಿಂಗಳು ಮತ್ತು ವರ್ಷಗಳ ಬೆರಕೆ. ವರ್ಷಕ್ಕೆ 0.96 ಎಂಬ ಬೀಟಾ ತಿಂಗಳಿಗೆ 0.9966 ಆಗುತ್ತದೆ, ಬೀಟಾವನ್ನು ತಿಂಗಳಿಗೆ ಇಳಿಸಿ ಪ್ರತಿಫಲವನ್ನು ವಾರ್ಷಿಕ 1.02ರಲ್ಲೇ ಬಿಟ್ಟರೆ ಗುಣಲಬ್ಧ 1.0165.

ಮೂರನೆಯದು ಸ್ವಲ್ಪ ಮರೆಯಲ್ಲಿರುತ್ತದೆ. ಪ್ರತಿಫಲದ ಲಾಗರಿದಮ್ ಸಾಮಾನ್ಯ ವಿತರಣೆಯಲ್ಲಿದೆ ಎಂದು ಇಟ್ಟುಕೊಂಡು, ಆ ಲಾಗರಿದಮ್ಮಿನ ಸರಾಸರಿಗೆ 1.04ರ ಲಾಗರಿದಮ್ಮನ್ನೇ ಕೊಟ್ಟರೆ ಪ್ರತಿಫಲದ ಸರಾಸರಿ 1.04 ಆಗುವುದಿಲ್ಲ. ಮಾನಕ ವಿಚಲನೆ 0.3 ಇದ್ದಾಗ ಅದು 1.088 ಆಗುತ್ತದೆ, ಏಕೆಂದರೆ ವಿಚಲನೆಯ ವರ್ಗದ ಅರ್ಧದಷ್ಟು ಘಾತಾಂಕ ಸೇರಿಕೊಳ್ಳುತ್ತದೆ. ಲಾಗರಿದಮ್ಮಿನ ಸರಾಸರಿಯಿಂದ ಆ ಅರ್ಧವನ್ನು, ಇಲ್ಲಿ 0.045ನ್ನು, ಕಳೆದು ಬರೆಯಬೇಕು. ಆದಾಯಕ್ಕೂ ಇದೇ ಎಚ್ಚರ ಬೇಕು. ಅಲ್ಲಿ ಲೆಕ್ಕ ನಿಲ್ಲದಿರುವ ಅಪಾಯವಿಲ್ಲವಾದರೂ, ಏರಿಳಿತವನ್ನು ಹೆಚ್ಚಿಸಿದಂತೆಲ್ಲ ಕುಟುಂಬ ಶ್ರೀಮಂತವಾಗುತ್ತಲೂ ಹೋಗಿ, ಅಪಾಯದ ಪರಿಣಾಮವೆಂದು ನೀವು ಬರೆಯುವುದು ವಾಸ್ತವದಲ್ಲಿ ಆದಾಯ ಹೆಚ್ಚಳದ ಪರಿಣಾಮವಾಗಿಬಿಡುತ್ತದೆ.

ಇವು ಮೂರೂ ಸರಿಯಿದ್ದು, ಪ್ರತಿಫಲ ಮಳೆಯ ಸ್ಥಿತಿಯನ್ನು ಅನುಸರಿಸಿ ಬದಲಾಗುವ ಮಾದರಿ ನಿಮ್ಮದಾಗಿದ್ದರೆ, ಹಳೆಯ ಷರತ್ತು ಸಾಲದು. ಚಿಂಗ್‌ಯಿನ್ ಮಾ, ಜಾನ್ ಸ್ಟಾಚರ್ಸ್ಕಿ ಮತ್ತು ಅಲೆಕ್ಸಿಸ್ ಅಕಿರಾ ಟೋಡಾ 2020ರಲ್ಲಿ ಪ್ರಕಟಿಸಿದ ಫಲಿತಾಂಶ ಇಲ್ಲಿ ನೆರವಿಗೆ ಬರುತ್ತದೆ. ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ದಾಟುವ ಸಂಭವನೀಯತೆಯನ್ನು, ಆ ಇನ್ನೊಂದು ಸ್ಥಿತಿಯ ಬೀಟಾ ಮತ್ತು ಸರಾಸರಿ ಪ್ರತಿಫಲದ ಗುಣಲಬ್ಧದಿಂದ ಗುಣಿಸಿ ಒಂದು ಮಾತೃಕೆ (ಮ್ಯಾಟ್ರಿಕ್ಸ್) ಕಟ್ಟಬೇಕು. ಅದರ ಅತಿ ದೊಡ್ಡ ಐಗನ್ ಮೌಲ್ಯ, ಅಂದರೆ ಮಾತೃಕೆಯಿಂದ ಮತ್ತೆ ಮತ್ತೆ ಗುಣಿಸುತ್ತ ಹೋದಾಗ ಪ್ರತಿ ಹೆಜ್ಜೆಗೂ ಆಗುವ ದೀರ್ಘಾವಧಿಯ ಬೆಳವಣಿಗೆಯ ಗುಣಕ, 1ಕ್ಕಿಂತ ಕಡಿಮೆ ಇರಬೇಕು. ಒಳ್ಳೆಯ ಮಳೆಯ ವರ್ಷದಲ್ಲಿ ಸರಾಸರಿ ಪ್ರತಿಫಲ 1.06, ಕೊರತೆಯ ವರ್ಷದಲ್ಲಿ 0.98, ಬೀಟಾ 0.96 ಎಂದಿಟ್ಟುಕೊಳ್ಳಿ. ಒಳ್ಳೆಯ ವರ್ಷದ ಗುಣಲಬ್ಧ 1.0176, ಹಳೆಯ ಷರತ್ತಿನ ಪ್ರಕಾರ ಆಗಲೇ ತಪ್ಪಿದೆ. ಆದರೆ ಒಳ್ಳೆಯ ವರ್ಷದ ಬೆನ್ನಿಗೆ ಒಳ್ಳೆಯ ವರ್ಷ ಬರುವ ಸಂಭವ 0.7, ಕೊರತೆಯ ಬೆನ್ನಿಗೆ ಕೊರತೆ ಬರುವ ಸಂಭವ 0.5 ಆಗಿದ್ದರೆ ಐಗನ್ ಮೌಲ್ಯ 0.989, ಮಾದರಿ ಸುಭದ್ರ. ಅದೇ 0.7ನ್ನು 0.9ಕ್ಕೆ ಏರಿಸಿದರೆ ಐಗನ್ ಮೌಲ್ಯ 1.005ಕ್ಕೆ ಹೋಗಿ, ಬೇರೇನೂ ಬದಲಾಗದಿದ್ದರೂ ಲೆಕ್ಕ ನಿಲ್ಲುವ ಖಾತರಿ ತಪ್ಪುತ್ತದೆ. ಪ್ರತಿಫಲದ ಅಂಕಿಗಳನ್ನೇ ದಿಟ್ಟಿಸುತ್ತ ಕೂತವರಿಗೆ ದೋಷ ದಾಟುವಿಕೆಯ ಮಾತೃಕೆಯಲ್ಲಿದೆ ಎಂದು ಹೊಳೆಯುವುದೇ ಇಲ್ಲ. ಲೂಪ್ ಆರಂಭವಾಗುವ ಮೊದಲೇ ಈ ಮೌಲ್ಯವನ್ನು ಲೆಕ್ಕಹಾಕಿ, 1 ಮೀರಿದರೆ ಕೋಡ್ ನಿಲ್ಲುವಂತೆ ಒಂದು ಸಾಲು ಬರೆದಿಡಿ.

ಲಕ್ಷಣ: ಉಳಿತಾಯ ಋಣವಾಗುತ್ತದೆ, ಇಲ್ಲವೇ ಸಂಪತ್ತು ಮಿತಿಮೀರಿ ಬೆಳೆಯುತ್ತದೆ

ಇದು ಮಾತ್ರ ಶುದ್ಧ ಕೋಡಿನ ದೋಷ, ಮತ್ತು ಎರಡೂ ಲಕ್ಷಣಗಳಿಗೆ ಮೂಲ ಒಂದೇ. ಪೈಥಾನಿನ ನಂಪೈ ಸಂಗ್ರಹದಲ್ಲಿರುವ ಇಂಟರ್ಪ್ ಎಂಬ ಫಂಕ್ಷನ್ ಗ್ರಿಡ್‌ನ ಒಳಗೆ ಸರಳರೇಖೆ ಎಳೆಯುತ್ತದೆ, ಗ್ರಿಡ್‌ನ ಹೊರಗೆ ತುದಿಯ ಮೌಲ್ಯವನ್ನೇ ಹಿಡಿದಿಡುತ್ತದೆ. ಕೆಳತುದಿಯಲ್ಲಿ ಮೊದಲ ಬಿಂದುವಿನ ಸಂಪತ್ತು 60,000 ರೂಪಾಯಿ, ಅನುಭೋಗವೂ 60,000 ಎಂದಿದ್ದರೆ, 40,000 ಮಾತ್ರ ಇರುವ ಕುಟುಂಬಕ್ಕೂ ಅದು 60,000ದ ಅನುಭೋಗ ಕೊಡುತ್ತದೆ. ಉಳಿತಾಯ ಋಣಕ್ಕೆ ಇಳಿಯುತ್ತದೆ. ಸೊನ್ನೆಗೆ ಸೊನ್ನೆ ಎಂಬ ಜೋಡಿಯನ್ನು ಮೊದಲಿಗೆ ಸೇರಿಸಿದರೆ ಆ ಮೊದಲ ಬಿಂದುವಿನವರೆಗೆ ಗೆರೆ ತಾನಾಗಿಯೇ ‘ಇದ್ದದ್ದೆಲ್ಲ ಖರ್ಚು’ ಎಂಬ 45 ಡಿಗ್ರಿಯ ಗೆರೆಯಾಗುತ್ತದೆ.

ಮೇಲ್ತುದಿಯಲ್ಲಿ ಇದೇ ಗುಣ ತಿರುಗಿ ಕಾಡುತ್ತದೆ. ಗ್ರಿಡ್ 20 ಲಕ್ಷಕ್ಕೆ ಮುಗಿದಿದ್ದರೆ 50 ಲಕ್ಷ ಇರುವ ಕುಟುಂಬವೂ 20 ಲಕ್ಷದವರಷ್ಟೇ ಉಣ್ಣುತ್ತದೆ, ಉಳಿದದ್ದೆಲ್ಲ ಕೂಡಿಬೀಳುತ್ತದೆ, ಅನುಕರಣೆಯಲ್ಲಿ (ಕುಟುಂಬಗಳನ್ನು ಗಣಕದಲ್ಲಿ ವರ್ಷದಿಂದ ವರ್ಷಕ್ಕೆ ಓಡಿಸಿ ನೋಡುವಾಗ) ಸಂಪತ್ತು ಹಿಡಿತ ತಪ್ಪುತ್ತದೆ. ಪ್ರತಿಫಲ ಸ್ಥಿರವಾಗಿದ್ದ ಮಾದರಿಗಳಲ್ಲಿ ಸಂಪತ್ತು ಅಷ್ಟು ಮೇಲಕ್ಕೆ ಹೋಗುವುದು ವಿರಳವಾದ್ದರಿಂದ ಈ ದೋಷ ಅಡಗಿಯೇ ಇರುತ್ತದೆ, ಪ್ರತಿಫಲವನ್ನು ಏರಿಳಿಯಬಿಟ್ಟ ದಿನ ಬಯಲಾಗುತ್ತದೆ. ಕೊನೆಯ ಎರಡು ಬಿಂದುಗಳ ಇಳಿಜಾರಿನಲ್ಲೇ ಗೆರೆಯನ್ನು ಮುಂದುವರಿಸುವುದು ಸರಿಯಾದ ಪರಿಹಾರ. ಗ್ರಿಡ್ಡಿನ ಬಿಂದುಗಳು ಕೆಳಗೆ ಒತ್ತಾಗಿಯೂ ಮೇಲೆ ವಿರಳವಾಗಿಯೂ ಇರಲಿ. ಬಾಗು ಇರುವುದು ಕೆಳಗೆ.

ಲಕ್ಷಣ: ಲೆಕ್ಕ ನಿಂತಿತು, ಚಿತ್ರ ಚೆನ್ನಾಗಿದೆ, ಉತ್ತರ ಮಾತ್ರ ಊರಿಗೆ ಹೊಂದುವುದಿಲ್ಲ

ನಿಲ್ಲದ ಲೆಕ್ಕ ತನ್ನ ದೋಷವನ್ನು ತಾನೇ ಹೇಳುತ್ತದೆ. ನಿಂತು ತಪ್ಪು ಹೇಳುವ ಲೆಕ್ಕ ಹಾಗಲ್ಲ, ಆದ್ದರಿಂದ ಈ ಭಾಗಕ್ಕೆ ಹೆಚ್ಚು ಹೊತ್ತು ಕೊಡಬೇಕು.

ಮೊದಲು ಒಂದೇ ಲಾಭವನ್ನು ಎರಡು ಬಾರಿ ಎಣಿಸಿದೆಯೇ ನೋಡಿ. ದಾವಣಗೆರೆ ಸೀಮೆಯ ಮುಂಗಾರು ಮೆಕ್ಕೆಜೋಳ ಜೂನ್ ಹೊತ್ತಿಗೆ ಬಿತ್ತನೆಯಾಗಿ ಅಕ್ಟೋಬರ್–ನವೆಂಬರಿನಲ್ಲಿ ಕಟಾವಿಗೆ ಬರುತ್ತದೆ. ಕೈ ಬಿಗಿಯಾದವರು ಆಗಲೇ ಕೃಷಿ ಮಾರುಕಟ್ಟೆಗೆ ಹಾಕುತ್ತಾರೆ, ತಡೆದುಕೊಳ್ಳಬಲ್ಲವರು ದರ ಏರುವವರೆಗೆ ಕಾಯುತ್ತಾರೆ. ಒಂದು ಕುಟುಂಬ 40 ಕ್ವಿಂಟಾಲ್ ಬೆಳೆದು, ಕಟಾವಿನ ದರ 1,900 ಇದ್ದಾಗ ಮಾರದೆ 2,200ಕ್ಕೆ ಮಾರಿತು ಎಂದು ಉದಾಹರಣೆಗೆ ಇಟ್ಟುಕೊಳ್ಳಿ. ಸರಿಯಾದ ಲೆಕ್ಕದಲ್ಲಿ ಕಟಾವಿನ ದಿನದ ಆದಾಯ 76,000. ಕಾದದ್ದರ ಪ್ರತಿಫಲ ಗುಣಕ 1.158, ಕೊನೆಗೆ ಕೈಗೆ ಬಂದದ್ದು 88,000. ಸಮೀಕ್ಷೆಯ ಹಾಳೆಯಲ್ಲಿ ‘ಬೆಳೆ ಮಾರಾಟದಿಂದ ಬಂದ ಹಣ’ ಎಂಬ ಕಲಮಿನಲ್ಲಿ 88,000 ಎಂದೇ ಇರುತ್ತದೆ. ಅದನ್ನು ಆದಾಯವೆಂದು ತೆಗೆದುಕೊಂಡು, ಮೇಲೆ ದಾಸ್ತಾನಿನ ಪ್ರತಿಫಲವನ್ನೂ ಹಾಕಿದರೆ ಸುಮಾರು 1,01,900 ಆಗುತ್ತದೆ; ಕುಟುಂಬ ಕಾಣದ 13,900 ರೂಪಾಯಿ ಮಾದರಿಯಲ್ಲಿ ಹುಟ್ಟಿಕೊಂಡಿತು. ಆದಾಯವನ್ನು ಯಾವ ದಿನದ ದರದಲ್ಲಿ ಬೆಲೆಗಟ್ಟಿದ್ದೀರಿ, ಪ್ರತಿಫಲ ಯಾವ ದಿನದಿಂದ ಆರಂಭವಾಗುತ್ತದೆ ಎಂಬ ಎರಡು ದಿನಾಂಕಗಳು ಒಂದೇ ಆಗಿರಬೇಕು. ದಾಸ್ತಾನಿನಲ್ಲಿ ಹುಳ ಬಿದ್ದು, ತೇವ ಆರಿ ಕಡಿಮೆಯಾದ ತೂಕವನ್ನು ಪ್ರತಿಫಲದಿಂದ ಕಳೆಯುವುದೂ ಇಲ್ಲಿಯೇ.

ಮುಂದಿನದು ಆದಾಯ ಮತ್ತು ಪ್ರತಿಫಲಗಳ ನಂಟು. ಚಳ್ಳಕೆರೆ, ಹಿರಿಯೂರು ಕಡೆ ಎಷ್ಟೋ ಮನೆಗಳ ಉಳಿತಾಯ ಬ್ಯಾಂಕಿನಲ್ಲಿಲ್ಲ, ಕುರಿಹಟ್ಟಿಯಲ್ಲಿದೆ. ಮಳೆ ಕೈಕೊಟ್ಟ ವರ್ಷ ಶೇಂಗಾ ಹೋಗುತ್ತದೆ, ಮೇವೂ ಹೋಗುತ್ತದೆ, ಎಲ್ಲರೂ ಒಟ್ಟಿಗೆ ಕುರಿಗಳನ್ನು ಸಂತೆಗೆ ಹೊಡೆಯುತ್ತಾರೆ, ದರ ಬೀಳುತ್ತದೆ. ಕೋಡಿನಲ್ಲಿ ಆದಾಯದ ಆಘಾತಕ್ಕೊಂದು ಲೂಪ್, ಪ್ರತಿಫಲದ ಆಘಾತಕ್ಕೊಂದು ಲೂಪ್ ಬರೆದರೆ ಅವೆರಡನ್ನೂ ಪರಸ್ಪರ ಸ್ವತಂತ್ರವೆಂದು ಘೋಷಿಸಿದಂತಾಯಿತು. ಇದರಿಂದಾಗುವ ತಪ್ಪಿನ ದಿಕ್ಕನ್ನು ಊಹಿಸಲು ಹೋಗಬೇಡಿ, ಲೆಕ್ಕಹಾಕಿ. ಒಳ್ಳೆಯ ವರ್ಷ ಆದಾಯ 3 ಲಕ್ಷ, ಪ್ರತಿಫಲ 1.15, ಕೆಟ್ಟ ವರ್ಷ 1 ಲಕ್ಷ ಮತ್ತು 0.85, ಎರಡಕ್ಕೂ ಸಮ ಸಂಭವ, ಅಪಾಯ ವಿಮುಖತೆ 2, ಮುಂದಿನ ವರ್ಷ ಇದ್ದುದೆಲ್ಲ ಖರ್ಚಾಗುತ್ತದೆ ಎನ್ನಿ. ಉಳಿತಾಯ ಸೊನ್ನೆಯಿರುವಾಗ ಮೊದಲ ರೂಪಾಯಿ ಉಳಿಸುವುದರ ಬೆಲೆ, ಅಂದರೆ ಪ್ರತಿಫಲ ಮತ್ತು ನಾಳಿನ ಸೀಮಾಂತ ತುಷ್ಟಿಗುಣದ ಗುಣಲಬ್ಧದ ಸರಾಸರಿ, ಎರಡೂ ಒಟ್ಟಿಗೆ ಏರಿಳಿದರೆ 0.489, ಸ್ವತಂತ್ರವಾದರೆ 0.556. ಬಡ ಕುಟುಂಬಕ್ಕೆ ಕುರಿಯಲ್ಲಿ ಉಳಿಸುವುದು ಎಷ್ಟು ಆಕರ್ಷಕ ಎಂಬುದನ್ನು ಸ್ವತಂತ್ರ ಲೂಪ್‌ಗಳು ಹಿಗ್ಗಿಸಿ ತೋರಿಸುತ್ತವೆ. ಆದರೆ 1 ಲಕ್ಷದ ಕುರಿಗಳು ಆಗಲೇ ಇರುವ ಮನೆಯಲ್ಲಿ ಆ ಅಂಕಿಗಳು 0.158 ಮತ್ತು 0.155, ದಿಕ್ಕು ತಿರುಗಿತು. ಮಂದೆ ದೊಡ್ಡದಾದಷ್ಟೂ ಕೆಟ್ಟ ವರ್ಷದ ಹೊಡೆತ ಎರಡೂ ಕಡೆಯಿಂದ ಬೀಳುವುದರಿಂದ ಮುನ್ನೆಚ್ಚರಿಕೆಯ ಉಳಿತಾಯ ಬಲಗೊಳ್ಳುತ್ತದೆ. ಬಡವರ ವಿಷಯದಲ್ಲಿ ಒಂದು ಕಡೆಗೂ ಉಳ್ಳವರ ವಿಷಯದಲ್ಲಿ ಇನ್ನೊಂದು ಕಡೆಗೂ ತಪ್ಪುವ ಇಂಥ ದೋಷ ಸರಾಸರಿಯಲ್ಲಿ ಕಾಣುವುದಿಲ್ಲ. ಆದಾಯ–ಪ್ರತಿಫಲಗಳನ್ನು ಒಂದೇ ವರ್ಷದ ಜೋಡಿಯಾಗಿ ದತ್ತಾಂಶದಿಂದ ಎತ್ತಿ, ಒಂದೇ ಲೂಪಿನಲ್ಲಿ ಹಾಕಬೇಕು. ಭಾರತದ ಹಳ್ಳಿಗಳಲ್ಲಿ ಎತ್ತುಗಳನ್ನು ಮಾರಿ ಅನುಭೋಗ ಸಂಭಾಳಿಸುವುದನ್ನು ರೋಸೆನ್‌ಝ್ವೈಗ್ ಮತ್ತು ವುಲ್ಪಿನ್ 1993ರಲ್ಲೇ ಅಭ್ಯಸಿಸಿದ್ದಾರೆ. ಜಾನುವಾರು ನಮ್ಮ ಕಡೆಯ ಉಳಿತಾಯದ ರೂಪವೆಂಬುದನ್ನು ಮಾದರಿಯಿಂದ ಹೊರಗಿಡಲು ಯಾವ ನೆಪವೂ ಇಲ್ಲ.

ಇನ್ನು ದಾಟುವಿಕೆಯ ಮಾತೃಕೆಯನ್ನು ಎಷ್ಟು ವರ್ಷಗಳ ದತ್ತಾಂಶದಿಂದ ಅಂದಾಜಿಸಿದ್ದೀರಿ ಎಂಬ ಪ್ರಶ್ನೆ. ಹಿರಿಯೂರಿನ ಮಾರಿಕಣಿವೆಯಲ್ಲಿರುವ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಇಪ್ಪತ್ತು ವರ್ಷಗಳ ದತ್ತಾಂಶ ಇಟ್ಟುಕೊಂಡು ಸ್ಥಿತಿಗಳನ್ನು ಹೆಸರಿಸುವವರಿಗೆ ಅಂಥ ವರ್ಷ ಸಿಗುವುದೇ ಅಪರೂಪ; ಸಿಕ್ಕರೂ ಒಂದೇ ವರ್ಷದಿಂದ ಸಂಭವನೀಯತೆ ಕಟ್ಟಲಾಗುವುದಿಲ್ಲ. ಸಾಲದೆಂಬಂತೆ, ಭದ್ರಾ ಮೇಲ್ದಂಡೆ ಯೋಜನೆಯಿಂದ ಆ ಜಲಾಶಯಕ್ಕೆ ನೀರು ಹರಿಯತೊಡಗಿದ ಮೇಲೆ ಅದರ ಮಟ್ಟವು ವೇದಾವತಿ ಕಣಿವೆಯ ಮಳೆಯೊಂದರ ಗುರುತಾಗಿ ಉಳಿದಿಲ್ಲ, ಆದ್ದರಿಂದ ಹಿಂದಿನ ಮತ್ತು ಈಚಿನ ವರ್ಷಗಳನ್ನು ಒಂದೇ ಮಾತೃಕೆಯಲ್ಲಿ ಬೆರೆಸುವುದು ಸಲ್ಲದು. ಇದೇ ಕಾರಣಕ್ಕೆ ಭದ್ರಾ ನಾಲೆಯ ನೀರುಂಡು ಭತ್ತ ಬೆಳೆಯುವ ಹರಿಹರದ ಕುಟುಂಬವನ್ನೂ ಜಗಳೂರಿನ ಒಣಭೂಮಿಯ ಕುಟುಂಬವನ್ನೂ ಜಿಲ್ಲಾ ಸರಾಸರಿಯೊಂದರಲ್ಲಿ ಸೇರಿಸಬಾರದು. ಆ ಸರಾಸರಿಯಂತೆ ಬದುಕುವ ಕುಟುಂಬ ಎರಡೂ ಕಡೆ ಇಲ್ಲ.

ಆದಾಯ ಪೂರ್ತಿ ಸೊನ್ನೆಯಾಗುವ ಸಂಭವವನ್ನು ಸೇರಿಸಬೇಕೇ ಎಂಬುದನ್ನೂ ಯೋಚಿಸಿಯೇ ನಿರ್ಧರಿಸಿ. ಸಂಭವ ಎಷ್ಟೇ ಸಣ್ಣದಿರಲಿ, ಅನುಭೋಗ ಸೊನ್ನೆಯಾದಾಗ ಸೀಮಾಂತ ತುಷ್ಟಿಗುಣ ಅನಂತವಾಗುವ ಮಾದರಿಯಲ್ಲಿ ಆ ಒಂದು ಸ್ಥಿತಿ ಇದ್ದರೆ ಯಾವ ಕುಟುಂಬವೂ ಎಂದೂ ಪೂರ್ತಿ ಖರ್ಚು ಮಾಡುವುದಿಲ್ಲ, ಎಲ್ಲ ಬಡವರೂ ಉಳಿತಾಯಗಾರರಾಗಿ ಕಾಣುತ್ತಾರೆ. ಬೆಳೆ ಹೋದ ವರ್ಷವೂ ಕೂಲಿ, ಪಡಿತರ, ಉದ್ಯೋಗ ಖಾತರಿಯ ಕೆಲಸ ಇರುವಾಗ ಸಣ್ಣದೊಂದು ಕನಿಷ್ಠ ಆದಾಯವನ್ನು ಹಾಕುವುದು ವಾಸ್ತವಕ್ಕೆ ಹತ್ತಿರ.

ದೋಷವಲ್ಲದ ಲಕ್ಷಣ

ಎಲ್ಲ ಸರಿಪಡಿಸಿದ ಮೇಲೂ, ಅನುಕರಣೆಯ ಸರಾಸರಿ ಸಂಪತ್ತು ಓಟದಿಂದ ಓಟಕ್ಕೆ ಬದಲಾಗುತ್ತಲೇ ಇದೆ ಎಂಬ ದೂರು ಬರುತ್ತದೆ. ಪ್ರತಿಫಲವನ್ನು ಏರಿಳಿಯಬಿಟ್ಟ ಮಾದರಿಯಲ್ಲಿ ಇದು ಸಹಜವಾಗಿರಬಹುದು. ಉಳಿತಾಯದ ಮೇಲೆ ಯಾದೃಚ್ಛಿಕ ಗುಣಕ ಮತ್ತೆ ಮತ್ತೆ ಬೀಳುತ್ತ, ಪ್ರತಿ ಬಾರಿಯೂ ಆದಾಯ ಸೇರುತ್ತ ಹೋಗುವ ಪ್ರಕ್ರಿಯೆ, ಆ ಗುಣಕ ಕೆಲವೊಮ್ಮೆಯಾದರೂ 1ನ್ನು ಮೀರುವುದಾದರೆ, ಪರೇಟೊ ಬಗೆಯ ದಪ್ಪ ಬಾಲವನ್ನು, ಅಂದರೆ ಅತಿ ದೊಡ್ಡ ಸಂಪತ್ತುಗಳು ಅಷ್ಟೇನೂ ಅಪರೂಪವಲ್ಲದ ಮೇಲ್ತುದಿಯನ್ನು, ಹುಟ್ಟಿಸುತ್ತದೆ ಎಂಬುದು ಹ್ಯಾರಿ ಕೆಸ್ಟೆನ್ 1973ರಲ್ಲಿ ತೋರಿಸಿದ ಗಣಿತ. ಪ್ರತಿಫಲ ಮತ್ತು ಬೀಟಾ ಎರಡೂ ಸ್ಥಿರವಾಗಿದ್ದರೆ ಸಂಪತ್ತಿನ ಬಾಲ ಆದಾಯದ ಬಾಲಕ್ಕಿಂತ ದಪ್ಪವಾಗಲು ಸಾಧ್ಯವಿಲ್ಲ ಎಂದು ಸ್ಟಾಚರ್ಸ್ಕಿ ಮತ್ತು ಟೋಡಾ 2019ರಲ್ಲಿ ಸಾಧಿಸಿದ್ದಾರೆ. ಅಂದರೆ ಇಂಥ ಮಾದರಿಯಲ್ಲಿ ಸಂಪತ್ತಿನ ದಪ್ಪ ಬಾಲವನ್ನು ವಿವರಿಸಬೇಕಾದರೆ ಪ್ರತಿಫಲದಲ್ಲೋ ಬೀಟಾದಲ್ಲೋ ಏರಿಳಿತ ಬೇಕು.

ಸಹಜವೋ ದೋಷವೋ ಎಂದು ಬೇರ್ಪಡಿಸಲು, ಬೇರೆ ಬೇರೆ ಬೀಜಸಂಖ್ಯೆ (ಯಾದೃಚ್ಛಿಕ ಅಂಕಿಗಳನ್ನು ಆರಂಭಿಸುವ ಸಂಖ್ಯೆ) ಕೊಟ್ಟು ಓಡಿಸಿ ಮಧ್ಯಾಂಕವನ್ನೂ ಕೆಳಗಿನ ಕಾಲುಭಾಗದ ಗಡಿಯನ್ನೂ ನೋಡಿ. ಅವು ಅಲುಗದೆ ಸರಾಸರಿ ಮಾತ್ರ ಅಲುಗುತ್ತಿದ್ದರೆ ಕಾರಣ ಬಾಲದಲ್ಲಿದೆ: ಸಂಪತ್ತಿನ ಕ್ರಮಸ್ಥಾನ ಮತ್ತು ಸಂಪತ್ತು ಎರಡರ ಲಾಗರಿದಮ್ಮನ್ನೂ ಚಿತ್ರಿಸಿದರೆ ಮೇಲ್ತುದಿ ನೇರ ಗೆರೆಯಾಗಿ ಇಳಿಯುತ್ತದೆ. ಆಗ ಪ್ರಬಂಧದಲ್ಲಿ ಸರಾಸರಿಯ ಬದಲು ಮಧ್ಯಾಂಕ ಮತ್ತು ಆ ಗೆರೆಯ ಇಳಿಜಾರನ್ನು ವರದಿ ಮಾಡಿ. ಮಧ್ಯಾಂಕವೂ ಅಲುಗುತ್ತಿದ್ದರೆ ಕುಟುಂಬಗಳು ಆರಂಭದ ಸಂಪತ್ತಿನ ಪ್ರಭಾವದಿಂದ ಇನ್ನೂ ಹೊರಬಂದಿಲ್ಲ. ಅನುಕರಣೆಯ ವರ್ಷಗಳನ್ನು ಹೆಚ್ಚಿಸಿ, ಮೊದಲ ಭಾಗವನ್ನು ಬಿಟ್ಟು ಲೆಕ್ಕ ತೆಗೆಯಿರಿ. ಹಾಗೆ ಮಾಡಿದರೂ ಮಧ್ಯಾಂಕ ಏರುತ್ತಲೇ ಹೋದರೆ ಐಗನ್ ಮೌಲ್ಯವನ್ನು ಮತ್ತೆ ಲೆಕ್ಕಹಾಕಿ, ಅದು 1ಕ್ಕೆ ಎಷ್ಟು ಹತ್ತಿರವಿದೆ ಎಂದು ನೋಡಿ.